ಮೂವತ್ತಾರು ಪಟ್ಟಿನ ದುರ್ಬೀನು

ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆಯಲ್ಲಿ ದಿಗಂಬರ ದೇಸಾಯಿಗೆ ಒಂದೇ ಹುಚ್ಚು ಹಿಡಿದಿತ್ತು. ರೈಫಲ್ ಕ್ಲಬ್ಬಿಗೆ ಹೊಸ ದುರ್ಬೀನು ಬರಬೇಕು, ಬಂದರೆ ಮೂವತ್ತಾರು ಪಟ್ಟಿನದೇ ಬರಬೇಕು. ದುರ್ಬೀನು ಎಂದರೆ ರೈಫಲ್ಲಿನ ಬೆನ್ನ ಮೇಲೆ ಕೂಡಿಸುವ ಮೊಳದುದ್ದದ ಕರಿ ನಳಿಗೆ. ಅದಕ್ಕೆ ಕಣ್ಣು ಹಚ್ಚಿದರೆ ಅರ್ಧ ಕಿಲೋಮೀಟರಿನಾಚೆಯ ಗುರಿಹಲಗೆ ಎದುರುಮನೆಯ ಬಾಗಿಲಷ್ಟು ಹತ್ತಿರ ಬಂದು ನಿಲ್ಲುತ್ತದೆ. ಕ್ಲಬ್ಬಿನಲ್ಲಿದ್ದ ಹಳೆಯದು ಹತ್ತೇ ಪಟ್ಟಿನದು, ಎಂದರೆ ಕಂಡದ್ದನ್ನು ಹತ್ತು ಪಟ್ಟಷ್ಟೇ ದೊಡ್ಡದು ಮಾಡುವಂಥದ್ದು. ಅದಕ್ಕೆ ವಯಸ್ಸಾಯಿತು, ಅದರ ಗಾಜು ಮಂಜಾಯಿತು ಎಂದು ದಿಗಂಬರ ಒಂದು ವರ್ಷದಿಂದ ಎಲ್ಲರ ಮುಂದೆ ದೂರುತ್ತಿದ್ದ.

ದಿಗಂಬರ ಪುಣೆಯ ಧನಕವಡಿಯ ಒಂದು ಮರಾಠಿ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅಪ್ಪ ಚಿಕ್ಕೋಡಿ ಕಡೆಯಿಂದ ಪುಣೆಗೆ ಬಂದು ಅಂಚೆಯ ಕೆಲಸದಲ್ಲಿ ಸವೆದು ತೀರಿಕೊಂಡಿದ್ದ. ಮನೆಯಲ್ಲಿ ಅವ್ವ ರಂಗೂಬಾಯಿ, ಹೆಂಡತಿ ಅನುಸೂಯಾ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಶಾಲೆಯ ಎನ್‌ಸಿಸಿ ನೋಡಿಕೊಳ್ಳುತ್ತ ಬಂದೂಕು ಹಿಡಿಯಲು ಕಲಿತವನು ಅದನ್ನು ಬಿಡಲೇ ಇಲ್ಲ. ಚಳಿಗಾಲದಲ್ಲಿ ಇಂದೂರಿನಾಚೆ ಒಂದು ಸೇನಾ ರೇಂಜಿನಲ್ಲಿ, ಎಂದರೆ ಗುಂಡು ಹಾರಿಸುವ ಬಯಲಿನಲ್ಲಿ, ದೂರಗುರಿಯ ಸ್ಪರ್ಧೆ ನಡೆಯುತ್ತದೆ. ಅದಕ್ಕೆ ಕ್ಲಬ್ಬಿನಿಂದ ಹೋಗುವ ತಂಡದಲ್ಲಿ ದಿಗಂಬರನ ಹೆಸರು ಬರೆದ ಮೇಲೆಯೇ ಉಳಿದವರ ಮಾತು. ಶಾಲೆಯಲ್ಲಿ ಅವನನ್ನು ಲೆಕ್ಕದ ಮಾಸ್ತರ ಎಂದು ಹುಡುಗರು ಹೆದರುತ್ತಿದ್ದರು, ಹೆಡ್‌ಮಾಸ್ತರರು ಬಳಸಿಕೊಳ್ಳುತ್ತಿದ್ದರು. ಕ್ಲಬ್ಬಿನಲ್ಲಿ ಮಾತ್ರ ಅವನು ಬಂದರೆ ಕುರ್ಚಿ ಸರಿಸುತ್ತಿದ್ದರು. ಐವತ್ತೆರಡು ವರ್ಷದ ಬಾಳಿನಲ್ಲಿ ತನ್ನದು ಎಂದು ಅವನು ಗಳಿಸಿದ್ದು ಆ ಕುರ್ಚಿಯೊಂದೇ. ಇಷ್ಟು ಗೊತ್ತಿದ್ದರೆ ಮುಂದೆ ಅವನು ಮಾಡಿದ್ದು ಸರಿ ಎನಿಸದಿದ್ದರೂ ಯಾಕೆ ಮಾಡಿದ ಎಂಬುದಾದರೂ ತಿಳಿಯುತ್ತದೆ.

ಒಂದು ವರ್ಷದಿಂದ ಅವನ ಗುಂಡುಗಳು ದಾರಿ ತಪ್ಪುತ್ತಿದ್ದವು. ಗುರಿಹಲಗೆಯ ಕಪ್ಪು ವೃತ್ತಕ್ಕೆ ಅಂಚೇ ಇಲ್ಲ, ಒದ್ದೆ ಕಾಗದದ ಮೇಲೆ ಶಾಯಿ ಬಿದ್ದ ಹಾಗೆ ಹರಡಿಕೊಂಡಿರುತ್ತಿತ್ತು. ಶಾಲೆಯಲ್ಲಿ ಕಪ್ಪುಹಲಗೆ ಸರಿಯಾಗಿ ಕಾಣುತ್ತದೆ, ಸ್ವಾರಗೇಟಿನಲ್ಲಿ ಬಸ್ಸಿನ ಬೋರ್ಡು ಕಾಣುತ್ತದೆ, ಪೇಪರಿನ ಸಣ್ಣಕ್ಷರವೂ ಕಾಣುತ್ತದೆ. ಬಂದೂಕಿನ ಹಿಂದೆ ಮಲಗಿದಾಗ ಮಾತ್ರ ಕಾಣುವುದಿಲ್ಲ ಎಂದರೆ ತಪ್ಪು ದುರ್ಬೀನಿನದಲ್ಲದೆ ಇನ್ನಾರದು? ಗಣಿತದ ಮಾಸ್ತರನಲ್ಲವೇ, ಲೆಕ್ಕ ಹಾಕಿ ಉತ್ತರ ತೆಗೆದಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಅವಳಿಗೆ ಒಳಗೊಳಗೆ ನಿಜ ಗೊತ್ತಿತ್ತು. ಪಾಪ, ದಿಗಂಬರನಿಗೆ ಆಗ ಅದೂ ಗೊತ್ತಿರಲಿಲ್ಲ.

ಕ್ಲಬ್ಬಿನ ಸೆಕ್ರೆಟರಿ ಮಧುಕರ ಇಂಟರ್‌ನೆಟ್ಟಿನಿಂದ ಛಾಪಿಸಿ ತಂದ ಹಾಳೆಗಳಲ್ಲಿ ಕೊನೆಗೆ ಎರಡು ದುರ್ಬೀನು ಉಳಿದವು. ಒಂದು, ಉಂಗುರ ತಿರುಗಿಸಿ ಎಂಟರಿಂದ ಇಪ್ಪತ್ತೈದು ಪಟ್ಟಿನವರೆಗೆ ಬೇಕಾದಷ್ಟು ಮಾಡಿಕೊಳ್ಳುವಂಥದ್ದು. ಇನ್ನೊಂದು ಮೂವತ್ತಾರು ಪಟ್ಟಿನದು; ಅದರಲ್ಲಿ ಹೆಚ್ಚು ಕಡಿಮೆ ಮಾಡುವ ಮಾತೇ ಇಲ್ಲ. ಕ್ಲಬ್ಬಿನಲ್ಲಿ ಗುರಿ ಹೊಡೆಯುವ ಮುಕ್ತಾ ಮೊದಲನೆಯದರ ಪರ. ಆಕೆ ಒಂದು ಕಾಲಕ್ಕೆ ದಿಗಂಬರನ ಎನ್‌ಸಿಸಿ ಹುಡುಗಿ, ಈಗ ವಿಮಾನ ನಗರದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಳು.

"ಸರ್, ಬಿಸಿಲೇರಿದರೆ ನೆಲದಿಂದ ಝಳ ಏಳುತ್ತದೆ" ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು. "ದುರ್ಬೀನು ಗುರಿಯನ್ನಷ್ಟೇ ದೊಡ್ಡದು ಮಾಡುವುದಿಲ್ಲ, ಝಳವನ್ನೂ ದೊಡ್ಡದು ಮಾಡುತ್ತದೆ. ಇಳಿಸಿಕೊಳ್ಳಲು ಬಂದರೆ ಒಳ್ಳೆಯದಲ್ಲವೇ? ಪಟ್ಟು ಹೆಚ್ಚಾದಷ್ಟೂ ಬೆಳಕು ಕಡಿಮೆ ಅಂತ ನೀವೇ ಹೇಳಿಕೊಟ್ಟಿದ್ದೀರಿ."

ಹೌದು, ಅವನೇ ಹೇಳಿಕೊಟ್ಟಿದ್ದ. ಅದಕ್ಕೇ ಸಿಟ್ಟು ಬಂತು. ಗುರುವಿಗೇ ತಿರುಮಂತ್ರವೇ ಎಂದುಕೊಂಡ. "ಕಾಣದೇ ಇದ್ದದ್ದಕ್ಕೆ ಗುರಿ ಹಿಡಿಯೋದು ಹೇಗೆ? ಮೊದಲು ಕಾಣಬೇಕು. ಮೂವತ್ತಾರು ಬರಲಿ" ಎಂದುಬಿಟ್ಟ. ದೇಸಾಯಿ ಸರ್ ಹೇಳಿದ ಮೇಲೆ ಮುಗಿಯಿತು. ಕಾಗದಪತ್ರಗಳ ಕೆಲಸವೆಲ್ಲ ತೀರಿ, ದಸರೆಯ ಹೊತ್ತಿಗೆ ದುರ್ಬೀನು ಪರದೇಶದಿಂದ ಬಂದು ಕೈಸೇರಿತು. ಬಂದೂಕು ಕ್ಲಬ್ಬಿನ ಕಪಾಟಿನಲ್ಲೇ ಇರುತ್ತಿತ್ತು. ದುರ್ಬೀನನ್ನು ನಾಲ್ಕು ದಿನ ಮನೆಯಲ್ಲಿಟ್ಟು ನೋಡುತ್ತೇನೆಂದು ದಿಗಂಬರ ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ತಂದ.

ಮಹಾನವಮಿಯ ದಿನ ಆ ಮನೆಯಲ್ಲಿ ಖಂಡೇಪೂಜೆ. ಕೆಲಸಕ್ಕೆ ಬರುವ ಸಾಮಾನೆಲ್ಲ ದೇವರ ಮುಂದೆ ಕೂಡುತ್ತದೆ. ಅನುಸೂಯಾಳ ಹೊಲಿಗೆ ಮಷೀನಿನ ಕತ್ತರಿ, ಈಳಿಗೆ, ಸ್ಕೂಟರಿನ ಪಾನಾ, ದಿಗಂಬರನ ಕಂಪಾಸು. ಮನೆದೇವರು ಮೈಲಾರಲಿಂಗ, ಪುಣೆಯವರ ಬಾಯಲ್ಲಿ ಖಂಡೋಬಾ. ಅವನಿಗೆ ಹೂವಿಲ್ಲದಿದ್ದರೂ ನಡೆದೀತು, ಭಂಡಾರವೆನ್ನುವ ಅರಿಸಿನದ ಪುಡಿ ಇಲ್ಲದೆ ನಡೆಯದು. ದಿಗಂಬರ ದುರ್ಬೀನಿನ ಡಬ್ಬಿಯನ್ನು ಮುಚ್ಚಿದ್ದು ಮುಚ್ಚಿದ ಹಾಗೇ ಮಣೆಯ ಮೇಲಿಟ್ಟು, "ಅವ್ವಾ, ಡಬ್ಬಿ ತಗೀಬ್ಯಾಡ ಮತ್ತ" ಎಂದು ಹೇಳಿ ಸ್ನಾನಕ್ಕೆ ಹೋದ.

ರಂಗೂಬಾಯಿ ತೆಗೆದಳು. ತೆಗೆಯದೆ ಏನು ಮಾಡುತ್ತಾಳೆ? ದೇವರಿಗೆ ರಟ್ಟು ತೋರಿಸಿದರೆ ದೇವರು ರಟ್ಟಿಗೇ ಆಶೀರ್ವಾದ ಮಾಡುತ್ತಾನೆ ಎಂಬುದು ಆಕೆಯ ವಾದ. ಏಳಕೋಟಿ ಏಳಕೋಟಿ ಎಂದು ಮೈಲಾರನಿಗೆ ಜಯಕಾರ ಹಾಕುತ್ತ ಹಿಡಿ ತುಂಬ ಭಂಡಾರ ಹಾರಿಸಿದಳು. ಅದು ದುರ್ಬೀನಿನ ಗಾಜಿನ ಮೇಲೆ ದಪ್ಪಗೆ ಕೂತಿತು. ಮಗ ಬೈದಾನೆಂದು ಬಾಯಿಂದ ಆವಿ ಊದಿ, ಸೆರಗಿನ ಚುಂಗಿನಿಂದ ತಿಕ್ಕಿ ಒರೆಸಿದಳು. ದಿಗಂಬರ ಹೊರಗೆ ಬಂದಾಗ ಗಾಜಿನ ಸುತ್ತ ಹಳದಿ ಗೆರೆ ಇನ್ನೂ ಇತ್ತು. ಹಬ್ಬದ ದಿನ ಎಂದು ಹಲ್ಲು ಕಚ್ಚಿಕೊಂಡು, ಹತ್ತಿ ತೆಗೆದುಕೊಂಡು ಮಧ್ಯಾಹ್ನವೆಲ್ಲ ಕೂತು ಒರೆಸಿದ.

ಮುಂದಿನ ಭಾನುವಾರ ರೇಂಜಿನಲ್ಲಿ ದುರ್ಬೀನನ್ನು ಬಂದೂಕಿಗೆ ಕೂಡಿಸಿದರು. ದಿಗಂಬರ ತನ್ನ ಪದ್ಧತಿಯಂತೆ ಎಡಗಣ್ಣಿಗೆ ಕರಿ ಪಟ್ಟಿ ಇಳಿಬಿಟ್ಟುಕೊಂಡು, ಹೊಟ್ಟೆಯ ಮೇಲೆ ಮಲಗಿ, ಬಲಗಣ್ಣು ಹಚ್ಚಿದ. ಗುರಿಹಲಗೆ ದೊಡ್ಡದಾಗಿತ್ತು, ನಿಜ. ಆದರೆ ಅರಿಸಿನ ಕದಡಿದ ನೀರಿನೊಳಗೆ ಬಿದ್ದ ಹಾಗೆ ಮಂಕಾಗಿ, ಹಳದಿಯಾಗಿ ಕಾಣುತ್ತಿತ್ತು. ಹಳೆಯ ದುರ್ಬೀನಿಗಿಂತ ಕಡೆ. ಹೊಡೆದ ಗುಂಡುಗಳಲ್ಲಿ ಅರ್ಧ ಹಲಗೆಯನ್ನೇ ಮುಟ್ಟಲಿಲ್ಲ.

"ಏನಾಯ್ತು ಸರ್?" ಎಂದ ಮಧುಕರ.

"ನಮ್ಮ ತಾಯಿ" ಎಂದ ದಿಗಂಬರ. "ಖಂಡೇಪೂಜೆಯಲ್ಲಿ ಗಾಜಿನ ಮೇಲೆ ಭಂಡಾರ ಹಾಕಿ ಸೀರೆಯಿಂದ ಉಜ್ಜಿಬಿಟ್ಟಿದ್ದಾಳೆ. ಗಾಜು ಕೆಟ್ಟಿದೆ."

ಮಧುಕರ, "ಹಾಗಾದರೆ ಈ ವರ್ಷ ಗುರಿ ಹಿಡಿಯುವವನು ಖಂಡೋಬಾನೇ" ಎಂದ. ಇನ್ನೊಬ್ಬ, "ಆಜೀಬಾಯಿಯನ್ನೇ ಇಂದೂರಿಗೆ ಕಳಿಸೋಣ, ಗುಂಡಿನ ಬದಲು ಭಂಡಾರ ಹಾರಿಸಲಿ" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ದಿಗಂಬರನೂ ನಕ್ಕ. ನಕ್ಕಿದ್ದರಿಂದ ಅವನಿಗೆ ಹಗುರವಾಯಿತು. ಗುಂಡುಗಳ ಮಾತನ್ನು ಯಾರೂ ಎತ್ತಲಿಲ್ಲ.

ಮನೆಗೆ ಬಂದು ಅವ್ವನ ಮೇಲೆ ಹರಿಹಾಯ್ದ. "ಹತ್ತ ಮಂದಿ ಕೂಡಿ ತರಿಸಿದ ವಸ್ತು ಅದು. ಬ್ಯಾಡ ಅಂತ ಹೇಳಿ ಹೋಗಿದ್ನಿಲ್ಲೋ? ನನ್ನ ಮಾರಿ ಹೆಂಗ ತೋರಸಲಿ ಅಲ್ಲೆ? ಈ ವರ್ಷ ತಂಡದಾಗ ಇಟಗೊಳ್ಳತಾರೋ ಇಲ್ಲೋ."

"ಬೇಕಂತ ಮಾಡೇನೇನೋ ನಾ?" ಎಂದಳು ರಂಗೂಬಾಯಿ. ಅಷ್ಟೇ. ಆಕೆ ಸುಮ್ಮನಿರುವ ಹೆಂಗಸಲ್ಲ. ಒಂದಕ್ಕೆ ನಾಲ್ಕು ಸೇರಿಸಿ ಕೊಡುವವಳು. ಅಂದು ಬಾಯಿಗೆ ಬೀಗ ಬಿತ್ತು. ಮರುದಿನ ಮುಂಜಾನೆ ಪೂಜೆಗೆ ಆಕೆ ಕೂಡಲಿಲ್ಲ. "ನೀನ ಮಾಡವಾ" ಎಂದು ಭಂಡಾರದ ಬಟ್ಟಲನ್ನು ಸೊಸೆಯ ಕಡೆ ಸರಿಸಿದಳು. ಗಂಡ ಸತ್ತ ಮೇಲೂ ತಪ್ಪದೆ ಹಣೆಗೆ ಹಚ್ಚುತ್ತಿದ್ದ ಭಂಡಾರವನ್ನು ಅಂದಿನಿಂದ ಬಿಟ್ಟಳು.

ಅದೇ ವಾರದಲ್ಲಿ ಒಂದು ಸಂಜೆ ದಿಗಂಬರ ಕ್ಲಬ್ಬಿಗೆ ಹೋದಾಗ ಮುಕ್ತಾ ದುರ್ಬೀನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಪರ್ವತಿ ಗುಡ್ಡದ ಕಡೆ ನೋಡುತ್ತಿದ್ದಳು. ಅದನ್ನು ಮುಂಬಯಿಗೆ ತೊಳೆಯಲು ಕಳಿಸುವ ಮಾತು ನಡೆದಿತ್ತು.

"ಸರ್, ಇದು ಚೆನ್ನಾಗಿಯೇ ಇದೆಯಲ್ಲ" ಎಂದಳು. "ಗುಡ್ಡದ ಮೆಟ್ಟಿಲು ಇಳಿಯುತ್ತಿರುವ ಆ ಹೆಂಗಸಿನ ಕೈಚೀಲದ ಹೊಲಿಗೆ ಕೂಡ ಕಾಣುತ್ತಿದೆ."

ದಿಗಂಬರ ಬಗ್ಗಿ ಬಲಗಣ್ಣು ಹಚ್ಚಿದ. ಹಳದಿ ಮಂಜು. ಹೆಂಗಸೂ ಇಲ್ಲ, ಚೀಲವೂ ಇಲ್ಲ. ಆಗ ಅವನು ಯಾವ ಬುದ್ಧಿಯಿಂದಲೋ ಎಡಗಣ್ಣು ಹಚ್ಚಿದ. ಹೆಂಗಸು ಕಂಡಳು, ಚೀಲ ಕಂಡಿತು, ಮೆಟ್ಟಿಲ ಬಿರುಕಿನಲ್ಲಿ ಬೆಳೆದ ಹುಲ್ಲು ಕಂಡಿತು. ಮತ್ತೆ ಬಲಗಣ್ಣು, ಮತ್ತೆ ಎಡಗಣ್ಣು. ವರ್ಷವಿಡೀ ಎರಡೂ ಕಣ್ಣು ತೆರೆದು ಓಡಾಡಿದಾಗ ಎಡಗಣ್ಣು ಬಲಗಣ್ಣಿನ ದುಡಿಮೆಯನ್ನೂ ದುಡಿದಿತ್ತು. ಬಂದೂಕಿನ ಹಿಂದೆ ಮಾತ್ರ ಅದಕ್ಕೆ ಪಟ್ಟಿ ಕಟ್ಟಿ ಕೂಡಿಸುತ್ತಿದ್ದ. ದೋಷ ಹಳೆಯ ದುರ್ಬೀನಿನದೂ ಅಲ್ಲ, ಹೊಸದರದೂ ಅಲ್ಲ, ಅವ್ವನ ಭಂಡಾರದ್ದಂತೂ ಅಲ್ಲವೇ ಅಲ್ಲ. ಬಲಗಣ್ಣಿಗೆ ಪೊರೆ ಬಂದಿತ್ತು.

ಆಗಲೇ ಹೇಳಿಬಿಡಬಹುದಾಗಿತ್ತು. ಬಾಯಿ ತೆರೆದ ಕೂಡ. ಆದರೆ ಹೇಳಿದರೆ ತಂಡದಿಂದ ಹೆಸರು ಹೋಗುತ್ತದೆ, ಕುರ್ಚಿ ಹೋಗುತ್ತದೆ. ಹೇಳದಿದ್ದರೆ ಗುರಿ ತಪ್ಪಿದ್ದೆಲ್ಲ ಕೆಟ್ಟ ಗಾಜಿನ ಲೆಕ್ಕಕ್ಕೆ ಹೋಗುತ್ತದೆ. "ನಿನ್ನದು ಎಳೆಯ ಕಣ್ಣು, ನಿನಗೆ ತಿಳಿಯುವುದಿಲ್ಲ" ಎಂದ. "ಗಾಜಿನ ಮೇಲಿನ ಲೇಪ ಹೋಗಿದೆ. ತೊಳೆಸಲೇಬೇಕು." ಮುಕ್ತಾ ಅವನ ಮುಖವನ್ನೊಮ್ಮೆ ನೋಡಿ, "ನೀವು ಹೇಳಿದರೆ ಇರಬಹುದು ಸರ್" ಎಂದಳು. ಇಷ್ಟು ದಿನ ತಿಳಿಯದೆ ಆಡಿದ್ದು ತಪ್ಪಿರಬಹುದು. ಈಗ ಆಡಿದ್ದು ಸುಳ್ಳು, ಅದೂ ಅವ್ವನ ತಲೆಯ ಮೇಲೆ ಹೊರಿಸಿದ ಸುಳ್ಳು. ಅವನಿಗೆ ಅದು ಗೊತ್ತಿತ್ತು.

ಮರುದಿನ ರಂಗೂಬಾಯಿ ಖಂಡೋಬಾನ ಗುಡಿಯಿರುವ ಜೇಜುರಿಗೆ ಹೋಗುತ್ತೇನೆಂದಳು. ದೇವರಲ್ಲಿ ತಪ್ಪೊಪ್ಪಿಕೊಂಡು ಬರಬೇಕಂತೆ. ದಿಗಂಬರ ಬೇಡವೆನ್ನಲಿಲ್ಲ. ಸ್ವಾರಗೇಟಿನವರೆಗೆ ತಾನೇ ಹೋಗಿ ಅವ್ವನನ್ನೂ ಅನುಸೂಯಾಳನ್ನೂ ಬಸ್ಸಿಗೆ ಹತ್ತಿಸಿ, ಕಿಟಕಿಯ ಸೀಟು ಹಿಡಿದುಕೊಟ್ಟು ಬಂದ. ದಿನವಿಡೀ ತರಗತಿಯಲ್ಲಿ ಹುಡುಗರನ್ನು ಸಿಕ್ಕಸಿಕ್ಕಂತೆ ಬೈದ.

ಸಂಜೆ ಮರಳಿದಾಗ ಅವ್ವನ ಹಣೆ ಬರಿದಾಗಿತ್ತು. ಜೇಜುರಿಗೆ ಹೋದವರು ಮೈಯೆಲ್ಲ ಹಳದಿಯಾಗಿ ಬರುತ್ತಾರೆ. ಈಕೆಯ ಸೀರೆಯ ಮೇಲೆ ಒಂದು ಚುಕ್ಕಿಯಿಲ್ಲ. ಅಡಿಗೆಮನೆಯಲ್ಲಿ ಅನುಸೂಯಾ ತಗ್ಗಿದ ದನಿಯಲ್ಲಿ ಹೇಳಿದಳು. "ಅತ್ತಿ ಮ್ಯಾಲತನಾ ಹತ್ತಿದ್ರು, ಒಳಗ ಬರಲಿಲ್ಲ ನೋಡ್ರಿ. ಎಲ್ಲಾರೂ ಭಂಡಾರ ಹಾರಸ್ತಿದ್ರು, ಇವರು ತಲಿತುಂಬ ಸೆರಗ ಹೊತಗೊಂಡು ಗ್ವಾಡಿಗೆ ಹತ್ತಿ ನಿಂತ್ರು. ನನ್ನ ಕೈ ಭಂಡಾರಕ್ಕ ಹತ್ತಿದ್ರ ಮತ್ತ ಯಾರದರ ಏನರ ಕೆಡತದ ಅಂದ್ರು. ನನಗ ಭಾಳ ಕೆಟ್ಟ ಅನಿಸ್ತ್ರಿ."

ದಿಗಂಬರ ತಾಟು ಸರಿಸಿ ಎದ್ದ. ಆದರೂ ಹೇಳಲಿಲ್ಲ. ನಾಳೆ, ತಂಡದ ಪಟ್ಟಿ ಆಗಲಿ, ಇಂದೂರಿಗೆ ಹೋಗಿ ಬಂದಮೇಲೆ ಹೇಳಿದರಾಯಿತು ಎಂದು ದಿನ ತಳ್ಳಿದ. ಅವ್ವ ದಿನಾ ಸಂಜೆ, ಅವನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು. "ದುರ್ಬೀನ ಸರಿ ಆತೇನೋ?" ಅವನು, "ಆಗತದ ಬಿಡು" ಎನ್ನುತ್ತಿದ್ದ. ದೀಪಾವಳಿಯಲ್ಲಿ ಆಕೆ ಎಣ್ಣೆ ಹಚ್ಚಿಕೊಳ್ಳಲೂ ಉಲ್ಲಾಸ ತೋರಲಿಲ್ಲ. ಗಟ್ಟಿ ಗುಂಡಿಗೆಯ ಹೆಂಗಸು ಮನೆಯ ಮೂಲೆ ಹಿಡಿದಿದ್ದನ್ನು ನೋಡುತ್ತ ನೋಡುತ್ತ ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಅಸಹ್ಯ ಹುಟ್ಟಿದರೇನು, ಬಾಯಿ ಬಿಡಬೇಕಲ್ಲ.

ತಂಡ ಆರಿಸುವ ಸಭೆಯ ದಿನ ಮಧ್ಯಾಹ್ನ ಅವನು ಹೊರಡುವ ತಯಾರಿಯಲ್ಲಿದ್ದ. ರಂಗೂಬಾಯಿ ಒಗೆದ ಸೀರೆ ಉಟ್ಟು, ಕಾಲಿಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ನನ್ನೂ ಕರಕೊಂಡು ಹೋಗು" ಎಂದಳು. "ನಿಮ್ಮ ಮಂದೀಗೆ ಕೈ ಮುಗದು ಹೇಳತೀನಿ. ತಪ್ಪು ನನ್ನದ್ರೀ, ಮುದುಕಿ, ತಿಳೀಲಿಲ್ಲ, ನನ್ನ ಮಗನ ಹೆಸರ ತಗೀಬ್ಯಾಡ್ರಿ ಅಂತ. ಮರಾಠಿ ಬರತದಲ್ಲ ನನಗ."

ದಿಗಂಬರ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತ. ಕೂತಲ್ಲೇ ಎಲ್ಲ ಹೇಳಿದ. ಕಣ್ಣಿನದು, ಎಡಗಣ್ಣು ಹಚ್ಚಿ ನೋಡಿದ್ದು, ದುರ್ಬೀನಿಗೆ ಏನೂ ಆಗಿಲ್ಲ ಎಂಬುದು.

ರಂಗೂಬಾಯಿ ಅವನ ಗದ್ದ ಹಿಡಿದು ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ಆಕೆಯ ಕಣ್ಣಿನ ಪೊರೆ ತೆಗೆಸಿ ಬಹಳ ವರ್ಷವಾಗಿರಲಿಲ್ಲ. "ಬಂದದ" ಎಂದಳು. "ನನಗೂ ಹಿಂಗ ಆಗಿತ್ತು. ಹಾಲು ಸುದ್ದಾ ಹಳದಿ ಕಾಣತಿತ್ತು." ಗದ್ದ ಬಿಟ್ಟಳು. "ಯಾವಾಗ ಗೊತ್ತಾತು ನಿನಗ?"

ದಿಗಂಬರ ಬಗ್ಗಿ ಚಪ್ಪಲಿಯ ಬಾರು ಬಿಗಿಮಾಡಿದ.

"ನಾ ಜೇಜುರಿಗೆ ಹೋಗೂ ಮದಲೋ, ಹೋಗಿ ಬಂದಮ್ಯಾಲೋ?"

"ಮದಲ."

ರಂಗೂಬಾಯಿ ಹೊಡೆಯಲಿಲ್ಲ, ಬೈಯಲಿಲ್ಲ. ಚಪ್ಪಲಿ ಕಳಚಿ ಮೂಲೆಗೆ ಸರಿಸಿದಳು. "ನಾಕ ಮಂದಿ ಮುಂದ ನನ್ನ ಹೆಸರ ಹೇಳೀದಿ. ನಾಕ ಮಂದಿ ಮುಂದನ ಹೇಳಿ ಬಾ. ನನ್ನ ಮುಂದ ಹೇಳಿದ್ದು ಲೆಕ್ಕಕ್ಕಿಲ್ಲ."

ಸಭೆಯಲ್ಲಿ ಅವನು ಎದ್ದು ನಿಂತು ಹೇಳಿದ. ಗಾಜು ಕೆಟ್ಟಿಲ್ಲ, ಕೆಟ್ಟಿದ್ದು ನನ್ನ ಕಣ್ಣು, ನನ್ನ ತಾಯಿಯ ತಪ್ಪು ಏನೂ ಇಲ್ಲ, ನನಗೆ ಗೊತ್ತಿದ್ದೂ ಸುಮ್ಮನಿದ್ದೆ ಎಂದ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದ. ಆದರೆ ಯಾರೂ ಬೈಯಲಿಲ್ಲ. ಮಧುಕರ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟ. ಪೊರೆ ಏನು ದೊಡ್ಡ ಮಾತು ಸರ್, ಒಂದು ದಿನದ ಆಪರೇಶನ್ ಎಂದ. ನಮ್ಮ ಮಾವನವರಿಗೂ ಆಗಿತ್ತು, ಈಗ ಸೂಜಿಗೆ ದಾರ ಪೋಣಿಸುತ್ತಾರೆ ಎಂದ ಇನ್ನೊಬ್ಬ. ಮುಂದಿನ ವರ್ಷ ನೀವೇ ಎಂದರು ಎಲ್ಲರೂ. ಚಹಾ ತರಿಸಿದರು, ಅವನ ಕುರ್ಚಿ ಅವನಿಗೇ ಕೊಟ್ಟರು. ಇಷ್ಟು ದಿನ ಯಾವುದಕ್ಕೆ ಹೆದರಿ ಅವ್ವನನ್ನು ಬಲಿಕೊಟ್ಟನೋ ಅದು ಆಗಲೇ ಇಲ್ಲ. ಅದನ್ನು ಕಂಡು ಅವನಿಗೆ ಸಮಾಧಾನವಾಗಲಿಲ್ಲ; ಚಹಾದ ಕಪ್ಪನ್ನು ಮುಟ್ಟದೆ ಬದಿಗಿಟ್ಟ.

ಅವನ ಜಾಗಕ್ಕೆ ಮುಕ್ತಾಳ ಹೆಸರು ಬರೆದರು. ಮುಂಬಯಿಗೆ ಹೋಗುವುದು ಇನ್ನೂ ಬಾಕಿಯಿದ್ದ ಹೊಸ ದುರ್ಬೀನು ಹೇಗಿದೆ ಎಂದು ಮಧುಕರ ಕೇಳಿದ. "ಬೆಳಿಗ್ಗೆ ಚೆನ್ನಾಗಿರುತ್ತದೆ" ಎಂದಳು ಅವಳು. ಮಧ್ಯಾಹ್ನದ ಮಾತು ಆಡಲಿಲ್ಲ. ಇಂದೂರಿನ ಬಯಲಿನಲ್ಲಿ ಝಳವೆದ್ದಾಗ ಗುರಿಹಲಗೆ ನೀರಿನ ಮೇಲೆ ತೇಲಿದ ಹಾಗೆ ಕುಣಿಯುತ್ತದೆ, ಇಳಿಸಿಕೊಳ್ಳಲು ಉಂಗುರವಿಲ್ಲ. ಇವಳು ಅದರಲ್ಲೇ ಹೊಡೆಯಬೇಕು. ತನ್ನ ಒಂದು ಕಣ್ಣಿಗಾಗಿ ಎಲ್ಲರ ಕಣ್ಣಿಗೂ ಮೂವತ್ತಾರನ್ನು ಗಂಟು ಹಾಕಿದ್ದು ದಿಗಂಬರನಿಗೆ ಆಗ ಪೂರ್ತಿ ತಿಳಿಯಿತು.

ಮನೆಗೆ ಬಂದಾಗ ರಂಗೂಬಾಯಿ ಪಡಸಾಲೆಯಲ್ಲಿ ಕೂತಿದ್ದಳು.

"ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

"ಆಪರೇಶನ್ ಮಾಡಿಸಗೋರಿ, ಮುಂದಿನ ವರ್ಷ ಮತ್ತ ಬರ್ರಿ ಅಂದ್ರು. ಚಲೋ ಮಾತಾಡಿದ್ರು."

"ನಿನಗಂದದ್ದಲ್ಲ" ಎಂದಳು ಆಕೆ. "ನನಗೇನಂದ್ರು?"

ದಿಗಂಬರ ನೆನಪು ಮಾಡಿಕೊಂಡ. ಹೆಗಲ ಮೇಲಿನ ಕೈ, ಚಹಾ, ಮಾವನವರ ಸೂಜಿದಾರ. ಅವ್ವನ ಹೆಸರನ್ನು ಯಾರೊಬ್ಬರೂ ಎತ್ತಿರಲಿಲ್ಲ. ಪಾಪ ಆಜೀಬಾಯಿ ಎಂದು ಬಾಯಿಮಾತಿಗಾದರೂ ಒಬ್ಬರು ಅಂದಿರಲಿಲ್ಲ. ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು, ನಾಲಗೆಯ ತುದಿಗೂ ಬಂತು. ಆದರೆ ಅವನಿಗೆ ಸುಳ್ಳು ಸಾಕಾಗಿತ್ತು.

"ಏನೂ ಅನಲಿಲ್ಲವ್ವಾ."

ರಂಗೂಬಾಯಿ ಹೂಂ ಎಂದಳು. "ಮದಲ ನೀ ನನ್ನ ಹೆಸರ ಹೇಳಿದಾಗ ಏನಂದಿದ್ರು?"

"ನಕ್ಕಿದ್ರು."

"ನೀ?"

"ನಾನೂ ನಕ್ಕಿದ್ದೆ."

ಎಂಬತ್ತರ ಹತ್ತಿರದ ಅವ್ವನ ಮುಖ ಮೊದಲ ಬಾರಿಗೆ ಅಳುವ ಹಾಗಾಯಿತು.

"ಅದೊಂದ ಮಾತು ನೀ ಸುಳ್ಳ ಹೇಳಿದ್ರೂ ನಡೀತಿತ್ತಲ್ಲೋ" ಎಂದಳು. ಆಮೇಲೆ ಗೋಡೆ ಹಿಡಿದು ಎದ್ದು, ಮಗನಿಗೆ ಊಟಕ್ಕೆ ಬಡಿಸು ಎಂದು ಸೊಸೆಗೆ ಹೇಳಿ ಒಳಗೆ ಹೋದಳು.